ಸ್ಯಾಂಡಿ ಕೋಫ್ಯಾಕ್ಸ್: ಮೊದಲ ಆರು ವರ್ಷದ ಲೆಕ್ಕ

ಬೇಸ್‌ಬಾಲ್ ಇತಿಹಾಸ ಓದುವಾಗ ಪಿಚರ್ (ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವರು) ಸ್ಯಾಂಡಿ ಕೋಫ್ಯಾಕ್ಸ್ ಹೆಸರು ಬಂತು ಅಂದರೆ ಸಾಕು, ಎಲ್ಲರೂ ನೇರವಾಗಿ 1962ರಿಂದ 1966ರ ಐದು ವರ್ಷಕ್ಕೆ ಹಾರಿಬಿಡುತ್ತಾರೆ. ನಾಲ್ಕು ನೋ-ಹಿಟ್ಟರ್ (ಎದುರಾಳಿಗೆ ಒಂದು ಹಿಟ್, ಅಂದರೆ ಬೇಸ್ ತಲುಪಿಸುವ ಒಂದು ಹೊಡೆತವನ್ನೂ ಕೊಡದ ಪಂದ್ಯ), ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೂರು, 1965ರ ಒಂದೇ ಸೀಸನ್‌ನಲ್ಲಿ 382 ಸ್ಟ್ರೈಕ್‌ಔಟ್. ಎಲ್ಲ ನಿಜ. ಆದರೆ ಒಬ್ಬ ಪಿಚರ್ ಹೇಗೆ ತಯಾರಾಗುತ್ತಾನೆ ಅಂತ ಕಲಿಯಬೇಕಿದ್ದರೆ ಅದರ ಹಿಂದಿನ ಆರು ವರ್ಷ ನೋಡಬೇಕು. 1955ರಿಂದ 1960ರವರೆಗೆ ಅವರ ಲೆಕ್ಕದಲ್ಲಿ ಇದ್ದದ್ದು 36 ಗೆಲುವು, 40 ಸೋಲು (ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು-ಸೋಲನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ). ನನಗೆ ಈ ಆರು ವರ್ಷವೇ ಹೆಚ್ಚು ಇಷ್ಟ.

ಕ್ರಿಕೆಟ್‌ನಿಂದ ಬಂದವರಿಗೆ ಮೊದಲು ಎರಡು ಮಾತು. ಇಲ್ಲಿ ಒಂದು ಇನ್ನಿಂಗ್ಸ್ ಅಂದರೆ ಪಿಚರ್ ಎದುರಾಳಿಯ ಮೂರು ಜನರನ್ನು ಔಟ್ ಮಾಡುವಷ್ಟು ಆಟ, ಪೂರ್ತಿ ಪಂದ್ಯಕ್ಕೆ ಇಂಥ ಒಂಬತ್ತು. ಬ್ಯಾಟರ್ ಬೀಸಿ ತಪ್ಪಿಸಿಕೊಂಡ ಅಥವಾ ಗುರಿಯ ಚೌಕದೊಳಗೆ ಬಂದರೂ ಬೀಸದೆ ಬಿಟ್ಟ ಎಸೆತ ಸ್ಟ್ರೈಕ್; ಚೌಕದ ಹೊರಗೆ ಹೋಗಿ ಬ್ಯಾಟರ್ ಬೀಸದೆ ಬಿಟ್ಟದ್ದು ಬಾಲ್. ಸ್ಟ್ರೈಕ್‌ಔಟ್ ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್. ವಾಕ್ ಅಂದರೆ ಗುರಿಯ ಚೌಕದ ಹೊರಗೆ ನಾಲ್ಕು ಎಸೆತ ಹೋದರೆ ಬ್ಯಾಟರ್ ಆರಾಮಾಗಿ ಮೊದಲ ಬೇಸ್‌ಗೆ (ರನ್ ಗಳಿಸಲು ಸುತ್ತಿ ಬರಬೇಕಾದ ಮೂರು ತಾಣಗಳಲ್ಲಿ ಮೊದಲನೆಯದಕ್ಕೆ) ನಡೆದು ಹೋಗುವುದು. ನಮ್ಮ ವೈಡ್‌ಗೆ ಒಂದು ರನ್ ಕೊಟ್ಟು ಮುಂದೆ ಹೋಗಬಹುದು. ಇಲ್ಲಿ ಹಾಗಲ್ಲ, ಎದುರಾಳಿಯನ್ನು ನಾವೇ ಕೈಹಿಡಿದು ಬೇಸ್ ಮೇಲೆ ಕೂರಿಸಿದ ಹಾಗೆ. ಕೋಫ್ಯಾಕ್ಸ್ ಕಥೆ ಪೂರ್ತಿ ಈ ವಾಕ್ ಸುತ್ತಲೇ ಸುತ್ತುತ್ತದೆ.

ಬ್ರೂಕ್ಲಿನ್‌ನ ಹುಡುಗ, ಎಡಗೈ ಎಸೆತ. ಶಾಲೆಯಲ್ಲಿ ಅವರ ಆಟ ಬಾಸ್ಕೆಟ್‌ಬಾಲ್. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲೂ ಮೊದಲು ಸೇರಿದ್ದು ಬಾಸ್ಕೆಟ್‌ಬಾಲ್ ತಂಡವನ್ನೇ. 1954ರಲ್ಲಿ ಅಲ್ಲಿ ಅವರು ಎಸೆದ ಬೇಸ್‌ಬಾಲ್ ಬರೀ 32 ಇನ್ನಿಂಗ್ಸ್: 51 ಸ್ಟ್ರೈಕ್‌ಔಟ್, 30 ವಾಕ್. ಈ ಎರಡು ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ, ಮುಂದಿನ ಆರು ವರ್ಷದ ಚಿತ್ರ ಅದರಲ್ಲೇ ಇದೆ. ಅದೇ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡ ವರ್ಷಕ್ಕೆ 6,000 ಡಾಲರ್ ಸಂಬಳ, ಮೇಲೆ 14,000 ಡಾಲರ್ ಬೋನಸ್ ಕೊಟ್ಟು ಅವರನ್ನು ಸೇರಿಸಿಕೊಂಡಿತು.

ತೊಂದರೆ ಬಂದದ್ದು ಆ ಬೋನಸ್‌ನಿಂದಲೇ. ಆಗ ಒಂದು ನಿಯಮ ಇತ್ತು. ಹೊಸ ಆಟಗಾರನಿಗೆ 4,000 ಡಾಲರ್‌ಗಿಂತ ಜಾಸ್ತಿ ಬೋನಸ್ ಕೊಟ್ಟರೆ ಎರಡು ವರ್ಷ ಅವನನ್ನು ಮೇಲಿನ ದರ್ಜೆಯ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು, ಕೆಳಗಿನ ಮೈನರ್ ಲೀಗ್‌ಗೆ ಕಳಿಸುವ ಹಾಗಿಲ್ಲ. ದುಡ್ಡಿದ್ದ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡು ಮೈನರ್ ಲೀಗ್‌ನಲ್ಲಿ ಬಚ್ಚಿಡಬಾರದು ಅನ್ನುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಪೆಟ್ಟು ಬಿದ್ದದ್ದು ಹುಡುಗರಿಗೆ. ಯಾರೂ ನೋಡದ ಊರುಗಳಲ್ಲಿ ತಪ್ಪು ಮಾಡಿ, ವಾರಕ್ಕೊಮ್ಮೆ ಎಸೆದು, ಕಲಿಯಬೇಕಾದ ವಯಸ್ಸಿನಲ್ಲಿ ಅವರು ಪ್ರಶಸ್ತಿಗೆ ಹೋರಾಡುವ ತಂಡದ ಬೆಂಚು ಕಾಯಬೇಕಾಯಿತು. ಕೋಫ್ಯಾಕ್ಸ್ ಮೈನರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಅವರಿಗೆ ಜಾಗ ಮಾಡಲು ಕೆಳಗೆ ಕಳಿಸಿದ್ದು ಟಾಮಿ ಲಸೋರ್ಡಾ ಎಂಬ ಇನ್ನೊಬ್ಬ ಎಡಗೈ ಪಿಚರ್‌ನನ್ನು. ಮುಂದೆ ಇದೇ ಡಾಜರ್ಸ್ ತಂಡವನ್ನು ಇಪ್ಪತ್ತು ವರ್ಷ ನಡೆಸಿದ ಮ್ಯಾನೇಜರ್ ಅವರೇ!

ಈಗ ಮೊದಲ ಪಂದ್ಯ ನೋಡೋಣ, ಇದನ್ನು ನಿಧಾನವಾಗಿ ಓದಿ. 1955ರ ಜೂನ್ 24, ಎದುರಾಳಿ ಮಿಲ್ವಾಕಿ ಬ್ರೇವ್ಸ್. ಮೊದಲ ಬ್ಯಾಟರ್ ಜಾನಿ ಲೋಗನ್ ಹೊಡೆದದ್ದು ಸರಿಯಾಗಿ ತಾಗದ ಹೊಡೆತ, ಆದರೂ ಚೆಂಡು ಖಾಲಿ ಜಾಗದಲ್ಲಿ ಬಿತ್ತು. ಎಡ್ಡಿ ಮ್ಯಾಥ್ಯೂಸ್ ಬ್ಯಾಟ್ ಅಡ್ಡ ಹಿಡಿದು ಬಂಟ್ ಮಾಡಿದರು. ಕೋಫ್ಯಾಕ್ಸ್ ಚೆಂಡು ಎತ್ತಿಕೊಂಡು ಎರಡನೇ ಬೇಸ್‌ಗೆ ಎಸೆದರೆ ಅದು ಬೇಸ್ ದಾಟಿ ಸೆಂಟರ್ ಫೀಲ್ಡ್‌ಗೆ ಹೋಯಿತು. ಮೂರನೆಯವರು ಹ್ಯಾಂಕ್ ಆರನ್. ನಾಲ್ಕಕ್ಕೆ ನಾಲ್ಕೂ ಹೊರಗೆ, ವಾಕ್. ಮೂರೂ ಬೇಸ್ ಭರ್ತಿ, ಒಬ್ಬರೂ ಔಟಿಲ್ಲ, ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಮೇಲೆ ನಿಂತವರಿಗೆ ಇನ್ನೂ 19 ವರ್ಷ. ಆಗ ಬಾಬಿ ಥಾಮ್ಸನ್ ಬಂದರು. ಮೂರು ಬಾಲ್, ಎರಡು ಸ್ಟ್ರೈಕ್ ಆದಾಗ ಕೋಫ್ಯಾಕ್ಸ್ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಫಾಸ್ಟ್‌ಬಾಲ್ ಎಸೆದರು. ಸ್ಟ್ರೈಕ್‌ಔಟ್.

ನಾವಾದರೆ ಚಪ್ಪಾಳೆ ತಟ್ಟುತ್ತಿದ್ದೆವು, ಅಲ್ವಾ? ಆದರೆ ತನಗೆ ಆಗಬಹುದಾಗಿದ್ದ ಕೆಟ್ಟ ಸಂಗತಿ ಬಹುಶಃ ಅದೇ ಅಂತ ಕೋಫ್ಯಾಕ್ಸ್ ಆಮೇಲೆ ಹೇಳಿಕೊಂಡರು. ಕಷ್ಟ ಬಂದಾಗಲೆಲ್ಲ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಸೆಯಬೇಕು ಅನ್ನುವ ಪಾಠವನ್ನು ಆ ಒಂದು ಎಸೆತ ಅವರಿಗೆ ಕಲಿಸಿಬಿಟ್ಟಿತು. ಪಾಠ ತಪ್ಪು. ಅದನ್ನು ಮರೆಯಲು ವರ್ಷಗಳೇ ಬೇಕಾದವು.

ಅದೇ ವರ್ಷ ಜುಲೈನಲ್ಲಿ ಮೊದಲ ಬಾರಿ ಪಂದ್ಯ ಶುರು ಮಾಡುವ, ಅಂದರೆ ಮೊದಲ ಎಸೆತದಿಂದಲೇ ಪಿಚರ್ ಆಗುವ ಅವಕಾಶ ಸಿಕ್ಕಿತು. ಐದು ಇನ್ನಿಂಗ್ಸ್ ಕೂಡ ಮುಗಿಸಲಾಗಲಿಲ್ಲ, ಎಂಟು ವಾಕ್. ಆಮೇಲೆ ಸುಮಾರು ಎರಡು ತಿಂಗಳು ಶುರುವಿನ ಅವಕಾಶವೇ ಇಲ್ಲ. ಆಗಸ್ಟ್ 27ಕ್ಕೆ ಮತ್ತೆ ಚೆಂಡು ಕೊಟ್ಟರು, ಸಿನ್ಸಿನಾಟಿ ವಿರುದ್ಧ. ಬರೀ ಎರಡು ಹಿಟ್, 14 ಸ್ಟ್ರೈಕ್‌ಔಟ್, 7-0 ಗೆಲುವು! ಎರಡು ತಿಂಗಳ ಅಂತರದಲ್ಲಿ ಒಬ್ಬರೇ ಪಿಚರ್, ಎರಡು ಬೇರೆ ಬೇರೆ ಮನುಷ್ಯರ ಹಾಗೆ. ಆ ಸೀಸನ್‌ನಲ್ಲಿ ಅವರು ಗೆದ್ದದ್ದು ಎರಡೇ ಪಂದ್ಯ, ಎರಡರಲ್ಲೂ ಎದುರಾಳಿಗೆ ಒಂದು ರನ್ ಕೂಡ ಕೊಡಲಿಲ್ಲ. ಡಾಜರ್ಸ್ ಆ ವರ್ಷ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಗೆದ್ದರು, ಕೋಫ್ಯಾಕ್ಸ್ ಅದರಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ.

1956 ಬಗ್ಗೆ ಹೆಚ್ಚು ಹೇಳಲು ಏನಿಲ್ಲ, 58 ಚಿಲ್ಲರೆ ಇನ್ನಿಂಗ್ಸ್ ಅಷ್ಟೇ. 1957ರಲ್ಲಿ ನಿಯಮದ ಎರಡು ವರ್ಷ ಮುಗಿಯಿತು, ಎರಡು ವಾರ ಪಂದ್ಯ ಶುರು ಮಾಡುವ ಪಿಚರ್‌ಗಳ ಸರದಿಯಲ್ಲಿ ಜಾಗವೂ ಸಿಕ್ಕಿತು. ಚೆನ್ನಾಗಿಯೇ ಎಸೆದರು. ಆದರೂ ಆಮೇಲೆ 45 ದಿನ ಇನ್ನೊಂದು ಪಂದ್ಯ ಶುರು ಮಾಡಲು ಬಿಡಲಿಲ್ಲ. ಆ ವರ್ಷ 104 ಇನ್ನಿಂಗ್ಸ್‌ಗೆ 122 ಸ್ಟ್ರೈಕ್‌ಔಟ್. ಇಂಥ ಕೈಯನ್ನು ಸುಮ್ನೆ ಕೂರಿಸಿದ್ದು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗುರಿ ಸಿಗದ್ದಕ್ಕೆ ಆಡಿಸಲಿಲ್ಲ, ಆಡಿಸದ್ದಕ್ಕೆ ಗುರಿ ಸಿಗಲಿಲ್ಲ. ಈ ಸುತ್ತು ಅರ್ಥವಾದರೆ ಮುಂದಿನ ಅಂಕಿಗಳು ತಾವೇ ಅರ್ಥವಾಗುತ್ತವೆ.

1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು. ಕೋಫ್ಯಾಕ್ಸ್ 11 ಗೆದ್ದು 11 ಸೋತರು, 105 ವಾಕ್ ಕೊಟ್ಟರು. 1959ರ ಆಗಸ್ಟ್ 31ರಂದು ಜೈಂಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 18 ಸ್ಟ್ರೈಕ್‌ಔಟ್ ಮಾಡಿ ಬಾಬ್ ಫೆಲರ್ ದಾಖಲೆ ಸರಿಗಟ್ಟಿದರು. ಅದೇ ವರ್ಷದ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ, 92,706 ಜನರ ಮುಂದೆ, ಏಳು ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಬಿಟ್ಟು 1-0ರಿಂದ ಸೋತರು. 1960ರಲ್ಲಿ ಮತ್ತೆ 8-13, ನೂರು ವಾಕ್. ನನ್ನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಿ ಅಂತ ಜನರಲ್ ಮ್ಯಾನೇಜರ್ ಬಜಿ ಬವಾಸಿ ಹತ್ತಿರ ಕೇಳಿದ್ದೂ ಆ ವರ್ಷವೇ. ಸೀಸನ್ ಮುಗಿದ ದಿನ ಗ್ಲೌಸ್, ಶೂಸ್ ಎಲ್ಲ ಕಸದ ಬುಟ್ಟಿಗೆ ಹಾಕಿ ಹೊರಟರು. ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ನೋಬ್ ಕವಾನೊ ಅದನ್ನು ಬುಟ್ಟಿಯಿಂದ ಎತ್ತಿ ಜೋಪಾನವಾಗಿ ಇಟ್ಟುಕೊಂಡರು. ಈ ಕಥೆಯಲ್ಲಿ ನನಗೆ ಅವರ ಮೇಲೆ ಬಹಳ ಪ್ರೀತಿ.

1961ರ ಮಾರ್ಚ್, ಫ್ಲೋರಿಡಾದ ಒರ್ಲಾಂಡೊ, ಮಿನೆಸೊಟಾ ಟ್ವಿನ್ಸ್ ವಿರುದ್ಧ ಅಭ್ಯಾಸ ಪಂದ್ಯ. ತಂಡದ ಇನ್ನೊಬ್ಬ ಪಿಚರ್ ವಿಮಾನ ತಪ್ಪಿಸಿಕೊಂಡಿದ್ದರಿಂದ ಕೋಫ್ಯಾಕ್ಸ್ ಜಾಸ್ತಿ ಹೊತ್ತು ಎಸೆಯಲೇಬೇಕಿತ್ತು. ಮೊದಲ ಇನ್ನಿಂಗ್ಸ್‌ನಲ್ಲೇ ವಾಕ್ ಮೇಲೆ ವಾಕ್, ಮತ್ತೆ ಮೂರೂ ಬೇಸ್ ಭರ್ತಿ. ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಹಾಗೆ) ನಾರ್ಮ್ ಶೆರಿ ಮೌಂಡ್‌ಗೆ ಬಂದು, ಇಷ್ಟು ಜೋರು ಬೇಡ, ಸ್ವಲ್ಪ ಸಡಿಲ ಬಿಡು, ಅವರು ಹೊಡೆದರೆ ಹೊಡೆಯಲಿ ಅಂದರು. ಅದಾದ ಮೇಲೆ ಮೂರೂ ಜನ ಸ್ಟ್ರೈಕ್‌ಔಟ್. ಏಳು ಇನ್ನಿಂಗ್ಸ್ ಎಸೆದು ಒಂದು ಹಿಟ್ ಕೂಡ ಕೊಡಲಿಲ್ಲ. ಜೋರು ಕಡಿಮೆ ಮಾಡಿದಾಗ ಚೆಂಡು ಮೊದಲಿಗಿಂತ ವೇಗವಾಗಿಯೇ ಹೋಗುತ್ತಿತ್ತು ಅಂತ ಶೆರಿಗೆ ಅನ್ನಿಸಿತ್ತು. ಭುಜ, ಬೆರಳು ಬಿಗಿ ಹಿಡಿದಾಗ ಕೈ ಸಲೀಸಾಗಿ ಬೀಸುವುದಿಲ್ಲ ಅನ್ನುವುದು ಚೆಂಡು ಎಸೆದು ನೋಡಿದ ಯಾರಿಗಾದರೂ ಗೊತ್ತು. ಜೊತೆಗೆ, ಎಸೆಯುವ ಮುಂಚೆ ಅವರು ಎಷ್ಟು ಹಿಂದಕ್ಕೆ ವಾಲುತ್ತಾರೆ ಅಂದರೆ ಗುರಿಯೇ ಕಣ್ಣಿಗೆ ಕಾಣದಂತಾಗುತ್ತದೆ ಅಂತ ಸ್ಕೌಟ್ ಕೆನ್ನಿ ಮೈಯರ್ಸ್ ಕಂಡುಹಿಡಿದರು.

ಒಂದು ಸಲಹೆಯಿಂದ ಎಲ್ಲ ಬದಲಾಯಿತು ಅಂತ ಕಥೆ ಹೇಳುವವರನ್ನು ಪೂರ್ತಿ ನಂಬಬೇಡಿ. 1961ರಲ್ಲಿ ಅವರು 35 ಪಂದ್ಯ ಶುರು ಮಾಡಿದರು, 255ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದರು. ಶೆರಿ ಹೇಳಿದ್ದನ್ನು ಮತ್ತೆ ಮತ್ತೆ ಮಾಡಿ ನೋಡಲು ಜಾಗ ಸಿಕ್ಕಿತು. 18 ಗೆಲುವು, 269 ಸ್ಟ್ರೈಕ್‌ಔಟ್. 1903ರಿಂದ ನಿಂತಿದ್ದ ಕ್ರಿಸ್ಟಿ ಮ್ಯಾಥ್ಯೂಸನ್ ಅವರ 267ರ ನ್ಯಾಷನಲ್ ಲೀಗ್ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ದಾಖಲೆ ಮುರಿಯಿತು.

ಲೆಕ್ಕ ನೀವೇ ಮಾಡಿ ನೋಡಿ: ವಾಕ್‌ಗಳನ್ನು 9ರಿಂದ ಗುಣಿಸಿ ಇನ್ನಿಂಗ್ಸ್‌ನಿಂದ ಭಾಗಿಸಿದರೆ ಒಂಬತ್ತು ಇನ್ನಿಂಗ್ಸ್‌ಗೆ ಎಷ್ಟು ಅಂತ ಸಿಗುತ್ತದೆ. ಮೊದಲ ಆರು ವರ್ಷ ಸೇರಿ ಸುಮಾರು 692 ಇನ್ನಿಂಗ್ಸ್‌ಗೆ 405 ವಾಕ್, ಅಂದರೆ 5.3. 1961ರಲ್ಲಿ 96 ವಾಕ್, ಅಂದರೆ 3.4. 1963ರಲ್ಲಿ 311 ಇನ್ನಿಂಗ್ಸ್‌ಗೆ 58 ವಾಕ್, ಅಂದರೆ 1.7.