ಹೊಟ್ಟೆ ಮೊದಲು, ಕೈಕಾಲು ಕೊನೆಗೆ

ಇಟಲಿಯ ಬೊಲೋನ್ಯಾದಲ್ಲಿ ಪಾಠ ಹೇಳುತ್ತಿದ್ದ ಮೊಂಡಿನೊ 1316ರಲ್ಲಿ ಶವಚ್ಛೇದನಕ್ಕೊಂದು ಕೈಪಿಡಿ ಬರೆದ. ಮೊದಲು ಹೊಟ್ಟೆ, ಆಮೇಲೆ ಎದೆ, ನಂತರ ತಲೆ, ಎಲ್ಲಕ್ಕಿಂತ ಕೊನೆಗೆ ಕೈಕಾಲು. ಈ ಕ್ರಮಕ್ಕೆ ಆ ಕಾಲದ ತತ್ತ್ವಶಾಸ್ತ್ರದ ಸಮರ್ಥನೆಯೂ ಇತ್ತು, ನಿಜ. ಆದರೆ ಮೇಜಿನ ಮುಂದೆ ನಿಂತವನನ್ನು ಅವಸರಪಡಿಸುತ್ತಿದ್ದದ್ದು ತತ್ತ್ವವಲ್ಲ, ಕೊಳೆತ. ಬೇಗ ಕೆಡುವುದನ್ನು ಮೊದಲು ನೋಡಿ ಮುಗಿಸದಿದ್ದರೆ ಆಮೇಲೆ ನೋಡಲು ಏನೂ ಉಳಿಯುತ್ತಿರಲಿಲ್ಲ.

ಹೊಟ್ಟೆಯೇ ಏಕೆ ಮೊದಲು ಕೆಡುತ್ತದೆ? ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಸತ್ತ ಜೀವಕೋಶಗಳೊಳಗಿನ ಕಿಣ್ವಗಳು ಹೊರಬಿದ್ದು ಆ ಕೋಶಗಳನ್ನೇ ಕರಗಿಸುವುದು. ಜೀರ್ಣರಸ ತಯಾರಿಸುವ ಮೇದೋಜೀರಕ ಗ್ರಂಥಿ ಇದರಲ್ಲಿ ಎಲ್ಲರಿಗಿಂತ ಮುಂದು. ತನ್ನನ್ನೇ ಜೀರ್ಣಿಸಿಕೊಂಡು ಗಂಟೆಗಳಲ್ಲೇ ಮೆತ್ತಗಾಗಲು ತೊಡಗುತ್ತದೆ. ಇನ್ನೊಂದು, ಕರುಳಿನ ಬ್ಯಾಕ್ಟೀರಿಯಾಗಳು ಬೇಲಿ ದಾಟಿ ಹೊರಬರುವುದು. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ರಕ್ತದ ಹಿಮೋಗ್ಲೋಬಿನ್ ಜತೆ ಸೇರಿ ಹಸಿರು ಬಣ್ಣ ಕೊಡುತ್ತದೆ. ಆ ಹಸಿರು ಸಾಮಾನ್ಯವಾಗಿ ಮೊದಲು ಕಾಣುವುದು ಹೊಟ್ಟೆಯ ಬಲ ಕೆಳಭಾಗದಲ್ಲಿ. ದೊಡ್ಡ ಕರುಳು ಅಲ್ಲೇ ಶುರುವಾಗುತ್ತದೆ, ಚರ್ಮಕ್ಕೆ ಹತ್ತಿರವೂ ಇರುತ್ತದೆ. ಕೈಕಾಲಿನ ಸ್ನಾಯುಗಳಿಗೆ ಈ ಎರಡೂ ಉಪದ್ರವ ತಡವಾಗಿ ತಟ್ಟುತ್ತವೆ.

ಚರ್ಚು ಶವಚ್ಛೇದನವನ್ನು ನಿಷೇಧಿಸಿತ್ತು, ಅದಕ್ಕೇ ಯುರೋಪಿನಲ್ಲಿ ವೈದ್ಯಕೀಯ ಬೆಳೆಯಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಅದಕ್ಕೆ ಆಧಾರವಾಗಿ ತೋರಿಸುವ, 8ನೇ ಬೋನಿಫೇಸ್ ಪೋಪ್ 1299ರಲ್ಲಿ ಹೊರಡಿಸಿದ ಆಜ್ಞೆ ತಡೆದದ್ದು ಬೇರೆಯದನ್ನು: ದೂರದೇಶದಲ್ಲಿ ಸತ್ತವರ ದೇಹ ಕತ್ತರಿಸಿ, ಕುದಿಸಿ, ಮೂಳೆ ಮಾತ್ರ ಊರಿಗೆ ಸಾಗಿಸುವ ಪದ್ಧತಿಯನ್ನು. ಮೊಂಡಿನೊ ಕೈಪಿಡಿ ಬರೆದದ್ದು ಅದರ ನಂತರವೇ. ಶವಚ್ಛೇದನ ಚಳಿಗಾಲಕ್ಕೆ ಮೀಸಲಾಗಿದ್ದದ್ದು ಧರ್ಮದ ಕಾರಣಕ್ಕಲ್ಲ, ವಾಸನೆಯ ಕಾರಣಕ್ಕೆ.

ಕೊಳೆಯುವಿಕೆಯನ್ನೇ ಉಪಕರಣ ಮಾಡಿಕೊಂಡವರೂ ಇದ್ದರು. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಸೂಚನೆ ನೋಡಿ. ಅಂಗಗಳೆಲ್ಲ ಪೂರ್ತಿಯಾಗಿರುವ, ವಿಷದಿಂದಲೋ ದೀರ್ಘ ಕಾಯಿಲೆಯಿಂದಲೋ ಸಾಯದ, ತೀರಾ ಮುದುಕನದಲ್ಲದ ದೇಹವನ್ನು ಆರಿಸಬೇಕು. ಕರುಳಿನ ಮಲ ತೆಗೆಯಬೇಕು. ಮುಂಜ, ದರ್ಭೆ, ಸೆಣಬುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಜನ ಓಡಾಡದ ಕಡೆ ನಿಧಾನ ಹರಿಯುವ ನೀರಿನಲ್ಲಿ ಇರಿಸಬೇಕು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು ಲಾವಂಚ, ಕೂದಲು ಅಥವಾ ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಶುರುಮಾಡಿ ಒಂದೊಂದೇ ಪದರ ಬಿಡಿಸಿ ನೋಡಬೇಕು. ಮಲ ತೆಗೆಯುವುದು, ಪಂಜರ, ಹರಿಯುವ ನೀರು ಎಲ್ಲಕ್ಕೂ ಅರ್ಥವಿದೆ: ಬ್ಯಾಕ್ಟೀರಿಯಾ ಕಡಿಮೆಯಾಗಬೇಕು, ಮೀನು ಮೊಸಳೆ ಕಚ್ಚಬಾರದು, ನೀರು ನಿಂತು ಕೊಳಚೆಯಾಗಬಾರದು. ಅದ್ಭುತವಾದ ವಿಧಾನ. ಹಾಗೆಂದು ಇಂದಿನ ಅಂಗರಚನಾಶಾಸ್ತ್ರವೆಲ್ಲ ಇದರಲ್ಲೇ ಅಡಗಿದೆ ಎನ್ನುವವರ ಜತೆ ಸೇರಬೇಕಿಲ್ಲ. ಏಳು ರಾತ್ರಿ ನೆನೆದ ದೇಹ ಚರ್ಮದ ಪದರ, ಸ್ನಾಯುರಜ್ಜು, ಕೀಲು, ಮೂಳೆಗಳನ್ನು ಚೆನ್ನಾಗಿ ತೋರಿಸುತ್ತದೆ. ಮಿದುಳನ್ನು ತೋರಿಸಲಾರದು; ಅಷ್ಟು ಹೊತ್ತಿಗೆ ಅದು ಗಂಜಿಯಾಗಿರುತ್ತದೆ. ಮೂಳೆ, ಕೀಲು, ಸಂಧಿಬಂಧಗಳ ವಿವರದಲ್ಲಿ ಆ ಗ್ರಂಥ ಗಟ್ಟಿಯಾಗಿರುವುದು ಈ ವಿಧಾನಕ್ಕೆ ಒಪ್ಪುವ ಸಂಗತಿ.

1543ರಲ್ಲಿ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ ಅಚ್ಚು ಹಾಕಿಸಿದ ಏಳು ಭಾಗಗಳ ಗ್ರಂಥ ಮೊಂಡಿನೊನ ಕ್ರಮವನ್ನು ತಲೆಕೆಳಗು ಮಾಡಿತು: ಮೊದಲು ಮೂಳೆ, ಆಮೇಲೆ ಸ್ನಾಯು, ರಕ್ತನಾಳ, ನರ, ಹೊಟ್ಟೆ ಬರುವುದು ಐದನೆಯದಾಗಿ. ಕಾಗದ ಕೊಳೆಯುವುದಿಲ್ಲವಲ್ಲ. ಮೇಜಿನ ಮೇಲಿನ ದೇಹ ಮಾತ್ರ ಕೊಳೆಯುತ್ತಲೇ ಇತ್ತು. ಒಂದು ಶವ ಕೆಲವೇ ದಿನ ಬಾಳುವಾಗ ವೈದ್ಯಕೀಯ ಶಾಲೆಗೆ ಶವಗಳು ಮತ್ತೆ ಮತ್ತೆ ಬೇಕು. ಗೋರಿ ಅಗೆಯುವ ದಂಧೆ ಬೆಳೆದದ್ದು ಹೀಗೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 1828ರಲ್ಲಿ ಅಗೆಯುವ ಶ್ರಮವನ್ನೂ ಬಿಟ್ಟು 16 ಜನರನ್ನು ಕೊಂದೇ ಮಾರಿದ್ದು ಇದರ ತುದಿ. 1832ರ ಬ್ರಿಟಿಷ್ ಕಾಯ್ದೆ ವಾರಸುದಾರರಿಲ್ಲದ ಬಡವರ ಶವಗಳನ್ನು ಶಾಲೆಗಳಿಗೆ ಕೊಡಿಸಿ ಆ ದಂಧೆ ನಿಲ್ಲಿಸಿತು. ಭಾರವನ್ನು ಕಳ್ಳರ ಕೈಯಿಂದ ಬಡವರ ಹೆಗಲಿಗೆ ವರ್ಗಾಯಿಸಿತು ಎಂದರೂ ಸರಿಯೇ.

ಇದನ್ನೆಲ್ಲ ಬದಲಿಸಿದ್ದು ಒಂದು ಪುಟ್ಟ ಅಣು, ಫಾರ್ಮಾಲ್ಡಿಹೈಡ್. ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಕ್ರಿಮಿನಾಶಕವೆಂದು ಇದನ್ನು ಪರೀಕ್ಷಿಸುತ್ತಿದ್ದಾಗ ತನ್ನ ಬೆರಳುಗಳ ಚರ್ಮ ಗಡುಸಾಗಿದ್ದನ್ನು ಗಮನಿಸಿದ. 1893ರಲ್ಲಿ ಅಂಗಾಂಶ ಸಂರಕ್ಷಣೆಗೆ ಇದನ್ನು ಸೂಚಿಸಿದ. ಫಾರ್ಮಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಎಂದರೆ ಕ್ರಿಮಿ ಕೊಲ್ಲುವ ಔಷಧ, ಅದಕ್ಕೇ ಹೆಣ ಕೆಡುವುದಿಲ್ಲ ಎಂದು ವಿದ್ಯಾರ್ಥಿಗಳು ಈಗಲೂ ಬರೆಯುತ್ತಾರೆ. ಅರ್ಧ ಉತ್ತರ. ಕ್ರಿಮಿಯನ್ನಷ್ಟೇ ಕೊಂದರೆ ದೇಹದ ಸ್ವಂತ ಕಿಣ್ವಗಳು ಸುಮ್ಮನಿರುತ್ತವೆಯೇ?

ಫಾರ್ಮಾಲ್ಡಿಹೈಡ್ ಮೊದಲು ಪ್ರೋಟೀನಿನ ಅಮೈನೊ ಗುಂಪಿಗೆ, ಹೆಚ್ಚಾಗಿ ಲೈಸಿನ್ ಎಂಬ ಅಮೈನೊ ಆಮ್ಲದ ತುದಿಗೆ, ಅಂಟಿಕೊಳ್ಳುತ್ತದೆ. ಈ ಹಂತದ ಬಂಧ ಸಡಿಲ. ನೀರಿನಲ್ಲಿ ಚೆನ್ನಾಗಿ ತೊಳೆದರೆ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಆಮೇಲೆ ಅಲ್ಲಿಂದ ಒಂದು ನೀರಿನ ಅಣು ಕಳಚಿ, ಉಳಿದ ಕಾರ್ಬನ್ ಪಕ್ಕದ ಇನ್ನೊಂದು ಗುಂಪಿನ ಜತೆಗೂ ಕೂಡಿಕೊಳ್ಳುತ್ತದೆ. ಎರಡು ಸರಪಳಿಗಳ ನಡುವೆ ಒಂದೇ ಕಾರ್ಬನ್ನಿನ ಸೇತುವೆ. ಅಕ್ಕಪಕ್ಕ ಸಡಿಲವಾಗಿ ಬಿದ್ದಿದ್ದ ನೂಲುಗಳಿಗೆ ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಎನ್ನಿ. ಹೊಲಿಗೆ ಬಿದ್ದ ಕಿಣ್ವ ಆಕಾರ ಬದಲಿಸಲಾರದು, ಹಾಗಾಗಿ ಕೆಲಸವನ್ನೂ ಮಾಡಲಾರದು. ಹೊಲಿಗೆ ಬಿದ್ದ ಪ್ರೋಟೀನು ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ದಕ್ಕುವುದೂ ಕಷ್ಟ. ಒಂದೇ ಕ್ರಿಯೆ, ಎರಡೂ ಶತ್ರುಗಳು ಬಂದ್.

ಸೇತುವೆ ಕಟ್ಟಲು ಮಾತ್ರ ಸಮಯ ಬೇಕು. ನೀರಿನಲ್ಲಿ ಫಾರ್ಮಾಲ್ಡಿಹೈಡ್ ಬಹುಪಾಲು ಮೆಥಿಲೀನ್ ಗ್ಲೈಕಾಲ್ ರೂಪದಲ್ಲಿರುತ್ತದೆ. ಅದು ಬೇಗ ಒಳಗೆ ಇಳಿಯುತ್ತದೆ, ಆದರೆ ಬೆಸೆಯುವುದಿಲ್ಲ. ಬೆಸೆಯುವ ರೂಪ ತೀರಾ ಅಲ್ಪ. ಇಳಿಯುವುದಕ್ಕೂ ಮಿತಿಯಿದೆ: ದ್ರವ ತಲುಪುವ ಆಳ ಸಮಯದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಕಾಲ. ದೇಹವನ್ನು ತೊಟ್ಟಿಯಲ್ಲಿ ಸುಮ್ಮನೆ ಮುಳುಗಿಸಿದರೆ ಚರ್ಮ ಗಟ್ಟಿಯಾಗುವ ಹೊತ್ತಿಗೆ ಒಳಗಿನ ಕರುಳು ಕೊಳೆತಿರುತ್ತದೆ. ಅದಕ್ಕೇ ಅಪಧಮನಿಯ ದಾರಿ ಹಿಡಿಯಬೇಕು, ಎಲ್ಲ ಮೂಲೆಗೂ ಕವಲೊಡೆದ ಕಾಲುವೆ ಅದೊಂದೇ.

ತೊಡೆಸಂದಿಯ ಕೆಳಗೆ ಸಣ್ಣ ಗಾಯ ಮಾಡಿ ಫೆಮೊರಲ್ ಅಪಧಮನಿಗೆ ಕೊಳವೆ ತೂರಿಸುತ್ತಾರೆ. ಫಾರ್ಮಲಿನ್ ಜತೆಗೆ ಫೀನಾಲ್ (ಬೂಷ್ಟು ತಡೆಯಲು), ಗ್ಲಿಸರಿನ್ (ಒಣಗದಿರಲು), ಆಲ್ಕೋಹಾಲ್ ಸೇರಿಸಿದ ಸುಮಾರು 10 ಲೀಟರ್ ದ್ರವವನ್ನು ಎತ್ತರದಲ್ಲಿ ತೂಗುಹಾಕಿದ ಪಾತ್ರೆಯಿಂದ ಬಿಡುತ್ತಾರೆ. ಪಾತ್ರೆ 1.5 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 110 ಮಿ.ಮೀ. ಪಾದರಸ, ಬದುಕಿದ್ದಾಗಿನ ರಕ್ತದೊತ್ತಡದ ಆಸುಪಾಸು. ಅವಸರಕ್ಕೆ ಒತ್ತಡ ಏರಿಸಿದರೆ ಸೂಕ್ಷ್ಮನಾಳಗಳು ಒಡೆದು ಮುಖ ಊದಿಕೊಳ್ಳುತ್ತದೆ. ಅತಿ ಸಾಮಾನ್ಯವಾದ ಎಡವಟ್ಟು ಇನ್ನೊಂದು: ಕೊಳವೆಯ ತುದಿ ಮೇಲ್ಮುಖವಾಗಿರುತ್ತದೆ, ದ್ರವ ದೇಹಕ್ಕೆಲ್ಲ ಹೋಗುತ್ತದೆ, ಕೊಳವೆ ಹಾಕಿದ ಕಾಲಿಗೆ ಮಾತ್ರ ಹೋಗುವುದಿಲ್ಲ. ಕೊಳವೆಯನ್ನು ಪಾದದ ಕಡೆ ತಿರುಗಿಸಿ ಮತ್ತೊಮ್ಮೆ ಹರಿಸಲು ಮರೆತರೆ ಆ ಕಾಲು ಕೆಡುತ್ತದೆ. ರಕ್ತ ಹೆಪ್ಪುಗಟ್ಟಿದ ಅಥವಾ ಕೊಬ್ಬಿನಿಂದ ಮುಚ್ಚಿದ ನಾಳವಿದ್ದ ಕಡೆ ಸಿರಿಂಜಿನಿಂದಲೇ ಚುಚ್ಚಿ ತುಂಬಬೇಕು.

ಹೀಗೆ ಒಂದು ದೇಹ ವರ್ಷಗಟ್ಟಲೆ ಬಾಳತೊಡಗಿತು; ಕೈಕಾಲಿನಿಂದಲೇ ಪಾಠ ಶುರುಮಾಡುವ ಸ್ವಾತಂತ್ರ್ಯ ಸಿಕ್ಕಿತು. ಆದರೆ ಹೊಲಿಗೆ ಬೇಕಾದ ಕಡೆ ಮಾತ್ರ ಬೀಳುವುದಿಲ್ಲ. ಸ್ನಾಯುಗಳ ನಡುವಿನ ಸಡಿಲ ಪದರವೂ ಗಡುಸಾಗುತ್ತದೆ. ಸ್ಪಂಜಿನಂಥ ಶ್ವಾಸಕೋಶ ಗಟ್ಟಿ ಮುದ್ದೆಯಾಗುತ್ತದೆ. ಕೀಲುಗಳು ಮಡಚುವುದಿಲ್ಲ, ಸ್ನಾಯು ಕಂದು ಬೂದಾಗುತ್ತದೆ. ನಾಳ ಯಾವುದು ನರ ಯಾವುದು ಎಂದು ಬಣ್ಣದಿಂದ ಹೇಳಲಾಗದು; ಬೆರಳ ನಡುವೆ ಉರುಳಿಸಿ ನೋಡಬೇಕು. ನರ ಟೊಳ್ಳಿಲ್ಲದ ಹುರಿ, ಅಪಧಮನಿ ದಪ್ಪ ಗೋಡೆಯ ಕೊಳವೆ, ಅಭಿಧಮನಿ ಚಪ್ಪಟೆಯಾಗಿ ಕುಸಿದ ತೆಳು ಕೊಳವೆ. ಹೊಸಬರು ಕೆಡಿಸುವುದು ಮೊದಲ ಗಂಟೆಯಲ್ಲೇ: ಚರ್ಮ ಬಿಡಿಸುವಾಗ ಬ್ಲೇಡು ಆಳಕ್ಕಿಳಿದು, ಕೆಳಗಿನ ಕೊಬ್ಬಿನ ಪದರವೂ ಅದರಲ್ಲಿ ಓಡುವ ಚರ್ಮದ ನರಗಳೂ ಒಟ್ಟಿಗೆ ಎದ್ದುಬರುತ್ತವೆ. ಆ ನರಗಳನ್ನು ಹುಡುಕಲು ಬ್ಲೇಡು ಬೇಡ. ಮುಚ್ಚಿದ ಕತ್ತರಿಯ ತುದಿ ತೂರಿಸಿ, ನರ ಓಡುವ ದಿಕ್ಕಿನಲ್ಲೇ ನಿಧಾನವಾಗಿ ಅಗಲಿಸಬೇಕು.

ಈ ರಗಳೆಯೇ ಬೇಡ, ಪರದೆಯ ಮೇಲೆ ಕಲಿಸೋಣ ಎನ್ನುವವರಿದ್ದಾರೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯ ತಜ್ಞರು 2004ರಲ್ಲಿ ತೀರ್ಮಾನಿಸಿದ ಮೇಲೆ ಆ ವಾದಕ್ಕೆ ಬಲವೂ ಬಂದಿದೆ. ಅಮೆರಿಕದ ವಿಸಿಬಲ್ ಹ್ಯೂಮನ್ ಯೋಜನೆ ಒಬ್ಬ ಗಂಡಸಿನ ಹೆಪ್ಪುಗಟ್ಟಿಸಿದ ದೇಹವನ್ನು 1 ಮಿ.ಮೀ. ಅಂತರದಲ್ಲಿ ಸವೆಸುತ್ತ ಚಿತ್ರ ತೆಗೆದು 1994ರಲ್ಲಿ ಬಿಡುಗಡೆ ಮಾಡಿತು. ಅಡ್ಡಕೊಯ್ತ ಕಲಿಯಲು ಅದು ಬಹಳ ಉಪಯುಕ್ತ. ಆದರೆ ಅದು ಒಬ್ಬನ ದೇಹ. ಹೆಬ್ಬೆರಳು ಕಿರುಬೆರಳು ಜೋಡಿಸಿ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ. ನಡುವೆ ಎದ್ದು ಕಾಣುವ ರಜ್ಜು ಪಾಲ್ಮಾರಿಸ್ ಲಾಂಗಸ್ ಸ್ನಾಯುವಿನದು. ಸುಮಾರು 15% ಜನರಲ್ಲಿ ಅದಿಲ್ಲ ಎಂದು ಪಠ್ಯಗಳು ಹೇಳುತ್ತವೆ. ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರೂ ಉಂಟು. ಹತ್ತು ಮೇಜುಗಳ ಕೋಣೆಯಲ್ಲಿ ಇಂಥವು ತಾವಾಗಿ ಎದುರಾಗುತ್ತವೆ. ತಂತ್ರಾಂಶದಲ್ಲಿ ಯಾರಾದರೂ ಹಾಕಿದ್ದರೆ ಮಾತ್ರ.

ಗಡುಸುತನಕ್ಕೆ ಉತ್ತರ ಕೊಟ್ಟವರು ಆಸ್ಟ್ರಿಯಾದ ಗ್ರಾಟ್ಸ್ ನಗರದ ವಾಲ್ಟರ್ ಥೀಲ್. 1992ರಲ್ಲಿ ಅವರು ಪ್ರಕಟಿಸಿದ ಮಿಶ್ರಣದಲ್ಲಿ ಫಾರ್ಮಾಲ್ಡಿಹೈಡ್ ಅತ್ಯಲ್ಪ. ಬೋರಿಕ್ ಆಮ್ಲ, ನೈಟ್ರೇಟ್ ಲವಣಗಳು, ಗ್ಲೈಕಾಲ್ ಹೆಚ್ಚು. ಕೀಲು ಮಡಚುತ್ತದೆ, ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ, ಶಸ್ತ್ರಚಿಕಿತ್ಸಕರು ಒಳದರ್ಶಕ (ಎಂಡೋಸ್ಕೋಪ್) ತೂರಿಸಿ ಅಭ್ಯಾಸ ಮಾಡಬಹುದು. ಮಿದುಳಿನ ಮಟ್ಟಿಗೆ ಮಾತ್ರ ಇದು ಕೈಕೊಡುತ್ತದೆ, ಅದು ತೀರಾ ಮೆತ್ತಗೆ ಉಳಿಯುತ್ತದೆ. ಹಾಗಾಗಿ ಮಿದುಳಿನ ಪಾಠಕ್ಕೆ ಹಳೆಯ ಫಾರ್ಮಲಿನ್ ಬಕೆಟ್ಟೇ ಗತಿ: ಹೊರತೆಗೆದ ಮಿದುಳಿನ ಬುಡದ ಬೇಸಿಲಾರ್ ಅಪಧಮನಿಯ ಕೆಳಗೆ ದಾರ ತೂರಿಸಿ, ದಾರದ ಎರಡು ತುದಿಗಳನ್ನು ಬಕೆಟ್ಟಿನ ಅಂಚಿಗೆ ಕಟ್ಟಿ, ತಳ ಮುಟ್ಟದಂತೆ ತಲೆಕೆಳಗಾಗಿ ತೇಲಿಸಿ, ಎರಡು ಮೂರು ವಾರ ಬಿಡುತ್ತಾರೆ. ದಾರ ಕಟ್ಟದೆ ಹಾಕಿದರೆ ತಳ ತಾಗಿದ ಬದಿ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು.