ಕೊಡಗಿನ ಕೊನೆಯ ಅರಸನನ್ನು ನಾವು ನೆನೆಯುವ ಬಗೆ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಪಕ್ಕದ ಕೋಟೆಗೋಡೆಯಲ್ಲಿ ಒಂದು ಇಂಗ್ಲಿಷ್ ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿಂದ ಒಳನುಗ್ಗಿದರು ಎಂದಷ್ಟೇ ಅದು ಹೇಳುತ್ತದೆ. ಆ ರಾತ್ರಿ ಹೋರಾಡುತ್ತಲೇ ಮಡಿದ ಕಿಲ್ಲೇದಾರ, ಅಂದರೆ ಟಿಪ್ಪುವಿನ ಕೋಟೆ ಕಾಯುವ ಅಧಿಕಾರಿ, ಬಹಾದೂರ್ ಖಾನನ ಹೆಸರು ಅದರಲ್ಲಿಲ್ಲ. ಗೆದ್ದವರು ಬರೆಸಿದ್ದು ಅಷ್ಟೇ. ಸೋತವರ ಮುಖಗಳನ್ನು ನಮಗೆ ತೋರಿಸಿದ್ದು ಬಹುಮಟ್ಟಿಗೆ ಕಾದಂಬರಿಗಳು. ಹಾಗೆ ತೋರಿಸುವಾಗ ಏನನ್ನು ಉಳಿಸಿದವು, ಏನನ್ನು ಮರೆಸಿದವು ಎಂಬುದಕ್ಕೆ ಕೊಡಗಿನಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1834ರಲ್ಲಿ ಕಂಪನಿ ಸರ್ಕಾರ ಹಾಲೇರಿ ಮನೆತನದ ಕೊನೆಯ ಅರಸ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಸೇರಿಸಿಕೊಂಡಿತು. ಇದು ಕೊಡಗಿನವರೆಲ್ಲರ ಒಮ್ಮತದ ಇಚ್ಛೆ ಎಂದು ಘೋಷಣೆಯನ್ನೂ ಹೊರಡಿಸಿತು.

ಇದೇ ಬೆಂಗಳೂರಿನ ಗವಿಪುರದಲ್ಲಿ ಬಾಳಿದ ಮಾಸ್ತಿಯವರ ಕಾದಂಬರಿ ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಮಾಸ್ತಿ ಕಂಪನಿಯ ಮಾತನ್ನು ಒಪ್ಪಿಸಿದವರಲ್ಲ. ಬೇಸತ್ತ ಮಂತ್ರಿ ಬೋಪಣ್ಣನ ಸಂಕಟವನ್ನು ಅವರು ಎಷ್ಟು ಹತ್ತಿರದಿಂದ ತೋರಿಸುತ್ತಾರೆಂದರೆ, ಪರಕೀಯರಿಗೆ ಬಾಗಿಲು ತೆರೆಯುವವನ ಮೇಲೂ ನಮಗೆ ಸಿಟ್ಟು ಬರುವುದಿಲ್ಲ. ಆದರೆ ಪುಸ್ತಕ ಮುಚ್ಚಿಟ್ಟ ವರ್ಷಗಳ ನಂತರ ಓದುಗರ ಮನಸ್ಸಿನಲ್ಲಿ ನಿಂತದ್ದು ಕುಡುಕ, ಕ್ರೂರಿ ಅರಸ ಮತ್ತು ಅವನ ಆಪ್ತ ಕುಂಟ ಬಸವ. ಇಂಥವನ ರಾಜ್ಯ ಹೋದದ್ದೇ ಸರಿ ಎಂದು ನಾನೂ ಕಾಲೇಜಿನ ದಿನಗಳಲ್ಲಿ ವಾದಿಸಿದ್ದೆ.

ಆ ವಾದ ಕುಸಿದದ್ದು ಮುಂದಿನ ದಂಗೆಯ ಕಥೆ ಹೇಳುವ ನಿರಂಜನರ ಕಾದಂಬರಿ ‘ಕಲ್ಯಾಣಸ್ವಾಮಿ’ ಓದಿದ ಮೇಲೆ. ಅರಸ ಹೋಗಿ ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗು–ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದು ಕಂಪನಿಯ ಬಾವುಟವನ್ನು ಇಳಿಸಿದರು. ಅವರು ಎದ್ದದ್ದು ಯಾರ ಹೆಸರಿನಲ್ಲಿ? ಅದೇ ಹಾಲೇರಿ ಅರಸುಮನೆತನದ ಹೆಸರಿನಲ್ಲಿ! ಒಮ್ಮತವಿದ್ದದ್ದು ನಿಜವಾದರೆ ಅದೇ ವರ್ಷದ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಬೇಕಾಗಿ ಬಂದದ್ದೇಕೆ?

ಆ ದಂಗೆಯ ಹೆಸರಿನದೇ ಒಂದು ಕಥೆ. ದಂಗೆಯ ನಾಯಕ ಕಲ್ಯಾಣಸ್ವಾಮಿಯ ಹೆಸರು ಹಿಡಿದು ಊರವರ ಬಾಯಲ್ಲಿ ಅದು ‘ಕಲ್ಯಾಣಪ್ಪನ ಕಾಟಕಾಯಿ’ ಆಗಿತ್ತು, ಲೂಟಿಕೋರರ ಗದ್ದಲ ಎಂಬ ತಾತ್ಸಾರ ಆ ಮಾತಿನಲ್ಲಿತ್ತು. ಸೋತವರ ಮಕ್ಕಳೇ ಆ ಹೆಸರನ್ನು ಹೇಳಿಕೊಂಡು ಬೆಳೆದರೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಕಾದಂಬರಿಕಾರರು, ಆಮೇಲೆ ಸಂಶೋಧಕರು ಅದೇ ಜನರನ್ನು ಹೋರಾಟಗಾರರೆಂದು ಕರೆದರು. ಈಗ ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. ದಂಗೆಯವರು ತಮ್ಮ ಬಾವುಟ ಹಾರಿಸಿದ ಮಂಗಳೂರಿನ ಬಾವುಟಗುಡ್ಡದಲ್ಲಿ 2022ರಲ್ಲಿ ಅವರ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತಿತು.