ನಮ್ಮ ಮೇಲ್ ಯಾರ್ಯಾರು ಓದಬಹುದು?

2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್ ಒಂದು ಆದೇಶ ಕೊಟ್ಟಿತು. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಸೇವೆಯನ್ನು ಭಾರತದಲ್ಲಿ ತಡೆಯಲು ಕೇಂದ್ರ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ಒಂದು ಕಂಪನಿಯ ಮಹಿಳಾ ಸಿಬ್ಬಂದಿಯ ಬಗ್ಗೆ ಆ ಸೇವೆಯಿಂದ ಅಶ್ಲೀಲ ಮೇಲ್‌ಗಳು ಬಂದಿದ್ದವು. ಅಲ್ಲಿಯವರೆಗೆ ಶಿರಸಿ, ಕಾರವಾರದ ಕಡೆ ಆ ಹೆಸರು ಕೇಳಿದವರೇ ಕಡಿಮೆ. ಸುದ್ದಿ ಓದಿದ ಗೆಳೆಯರೊಬ್ಬರು ಕೇಳಿದರು: "ಅದರಲ್ಲಿ ಮೇಲ್ ಮಾಡಿದ್ರೆ ಯಾರಿಗೂ ಗೊತ್ತಾಗಲ್ವಂತೆ, ಹೌದಾ?"

ಯಾರಿಗೂ ಅಂದರೆ ಯಾರಿಗೆ? ಸರ್ಕಾರಕ್ಕಾ, ಕಂಪನಿಗಾ, ಕಳ್ಳನಿಗಾ, ಅಥವಾ ಪಕ್ಕದ ಮನೆಯವನಿಗಾ? ಸುರಕ್ಷಿತ ಮೇಲ್ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಸಾಮಾನ್ಯವಾಗಿ ಕೊನೆಗೆ ಕೇಳುವುದೂ ಇದನ್ನೇ.

ಸರ್ಕಾರದ ಭಯ ಹಳೆಯದು. 1898ರ ಅಂಚೆ ಕಾಯ್ದೆಯ 26ನೇ ಸೆಕ್ಷನ್ ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದಾಗಲೂ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಎಂದು ಕೂತಾಗಲೂ ಜಾರಿಯಲ್ಲಿದ್ದದ್ದು ಅದೇ ಕಾಯ್ದೆ. ಬ್ರಿಟಿಷರು ಹೋದರು, ಸೆಕ್ಷನ್ ಹೋಗಲಿಲ್ಲ. 2023ರ ಹೊಸ ಅಂಚೆ ಕಾಯ್ದೆಯಲ್ಲೂ ಆ ಅಧಿಕಾರ ಹಾಗೇ ಇದೆ. ಈಮೇಲಿಗೆ ಅಂಥದೇ ಅಧಿಕಾರ ಕೊಡುವ 2000ದ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ಇದಕ್ಕೆ ಎದುರಾಗಿ ನಿಲ್ಲುವುದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಅದು ಹೇಳಿತು. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಂಪನಿಯ ಭಯ ಶುರುವಾದದ್ದು ಆಮೇಲೆ. 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ತೆರೆದರು. ಪುಕ್ಕಟೆ ಮೇಲ್, ಆದರೆ ಜಾಗ 2 ಎಂಬಿ. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಕೊಡುತ್ತೇನೆ ಎಂದಾಗ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರಂತೆ. ಅದು ನಿಜವೇ ಆಗಿತ್ತು, ಬೆಲೆ ಮಾತ್ರ ಬೇರೆ ಥರ. ಜಿಮೇಲ್‌ನ ಯಂತ್ರ ಪತ್ರಗಳನ್ನು ಓದಿ ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿತ್ತು. ಆ ಪದ್ಧತಿ ಬಿಡುತ್ತೇವೆ ಎಂದು ಗೂಗಲ್ ಘೋಷಿಸಿದ್ದು 2017ರಲ್ಲಿ. ಆದರೂ ಪತ್ರಗಳನ್ನು ತೆರೆದು ಓದುವ ಕೀಲಿ ಇವತ್ತಿಗೂ ಅದರ ಹತ್ತಿರವೇ ಇದೆ.

ಕೀಲಿ ನಮ್ಮ ಕೈಯಲ್ಲೇ ಇರಲಿ ಎಂದು ಹೊರಟವರು ಅಮೆರಿಕದ ತಂತ್ರಾಂಶ ತಜ್ಞ ಫಿಲ್ ಝಿಮ್ಮರ್‌ಮನ್. 1991ರಲ್ಲಿ ಅವರು ಪಿಜಿಪಿ ಎಂಬ ತಂತ್ರಾಂಶ ಬಿಟ್ಟರು. ಅದರಲ್ಲಿ ಬೀಗ ಹಾಕಿದ ಪತ್ರವನ್ನು ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದು. ಹೀಗೆ ಬೀಗ ಹಾಕುವ ವಿದ್ಯೆ, ಅಂದರೆ ಗೂಢಲಿಪಿ, ಆಗ ಅಮೆರಿಕದಲ್ಲಿ ಶಸ್ತ್ರಾಸ್ತ್ರದ ಪಟ್ಟಿಯಲ್ಲಿತ್ತು. ಅದನ್ನು ರಫ್ತು ಮಾಡಿದ್ದೀರಿ ಎಂದು ಸರ್ಕಾರ ಅವರ ಮೇಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಪಿಜಿಪಿ ಗಟ್ಟಿ, ಆದರೆ ಬಳಸುವುದು ತಲೆನೋವು. ಎರಡೂ ಕಡೆಯವರು ಕೀಲಿ ಮಾಡಿಟ್ಟುಕೊಳ್ಳಬೇಕು. ಯಾರಿಗೆ ಪುರಸೊತ್ತು?

2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚರ್ಯೆಯ ದಾಖಲೆ ಹೊರಗಿಟ್ಟಾಗ ಮತ್ತೆ ಕೀಲಿಯ ನೆನಪಾಯಿತು. ಸ್ನೋಡೆನ್ ಬಳಸುತ್ತಿದ್ದ ಲಾವಾಬಿಟ್ ಎಂಬ ಮೇಲ್ ಸೇವೆಯ ಕೀಲಿಯನ್ನೇ ಸರ್ಕಾರ ಕೇಳಿತು. ಮಾಲೀಕ ಲಾಡಾರ್ ಲೆವಿಸನ್ ಆಗಸ್ಟ್‌ನಲ್ಲಿ ಅಂಗಡಿಯನ್ನೇ ಮುಚ್ಚಿಬಿಟ್ಟರು. ಮರುವರ್ಷ ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಪರಿಚಯವಾದ ಕೆಲವರು ಪ್ರೋಟಾನ್ ಮೇಲ್ ತಂದರು. ಜರ್ಮನಿಯ ಟೂಟಾನೋಟಾ, ಈಗಿನ ಹೆಸರು ಟೂಟಾ, ಅದೇ ದಾರಿಯದು. ಇಬ್ಬರೂ ಒಂದೇ ಸೇವೆಯಲ್ಲಿದ್ದರೆ ಬೀಗ ಬೀಳುವುದು ನಮ್ಮ ಫೋನಿನಲ್ಲೇ. ಕಂಪನಿ ಕೂಡ ಒಳಗಿನದನ್ನು ಓದಲಾರದು.

ಇಲ್ಲೊಂದು ಸಣ್ಣ ಅಕ್ಷರದ ವಿಷಯ ಇದೆ. ನೀವು ಪ್ರೋಟಾನ್‌ನಿಂದ ನಿಮ್ಮ ಆಡಿಟರ್‌ಗೆ ತೋಟದ ಲೆಕ್ಕ ಕಳಿಸಿದಿರಿ ಅನ್ನಿ. ಅವರದ್ದು ಜಿಮೇಲ್. ಆ ಪತ್ರಕ್ಕೇ ಪಾಸ್‌ವರ್ಡ್ ಹಾಕಿ ಕಳಿಸದಿದ್ದರೆ ಗೂಗಲ್ ಬಳಿ ಓದಬಹುದಾದ ಒಂದು ಪ್ರತಿ ಇದ್ದೇ ಇರುತ್ತದೆ. ಪ್ರೋಟಾನ್‌ನಲ್ಲಿ ಮೇಲ್‌ನ ವಿಷಯದ ಸಾಲಿಗೆ ಆ ಬೀಗ ಇಲ್ಲ, ಟೂಟಾದಲ್ಲಿ ಇದೆ. ಇನ್ನು ಕೋರ್ಟ್ ಆದೇಶ ಬಂದರೆ? 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದಂತೆ ಪ್ರೋಟಾನ್ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸ, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಕೊಟ್ಟಿತು. ಪತ್ರದ ಒಳಗಿನದು ಸಿಗಲಿಲ್ಲ, ಬರೆದವರ ಸುಳಿವು ಸಿಕ್ಕಿತು.

ಹಾಗಾದರೆ ನಮ್ಮ ಕಡೆಯವರಿಗೆ ಯಾರ ಭಯ? ಕಾರವಾರದ ನೌಕಾನೆಲೆಯ ಮಾಹಿತಿ ಸೋರಿದ ಆರೋಪದಲ್ಲಿ 2025ರ ಫೆಬ್ರುವರಿಯಲ್ಲಿ ಎನ್‌ಐಎ ಇಬ್ಬರನ್ನು ಹಿಡಿಯಿತು. ಅಲ್ಲಿ ಯಾರ ಬೀಗವನ್ನೂ ಒಡೆದಿರಲಿಲ್ಲ. ಆನ್‌ಲೈನ್‌ನಲ್ಲಿ ಸ್ನೇಹ ಮಾಡಿಕೊಂಡು ಕೇಳಿ ಪಡೆದದ್ದು ಎಂಬುದು ಆರೋಪ.

ದಿನನಿತ್ಯದ ಅಪಾಯ ಇನ್ನೂ ಹತ್ತಿರದ್ದು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಗೆ ಹೋಗಿ ನೋಡಿ. ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್. ಒಂದು ಸಾಲಿನಲ್ಲಿ ಹೆಸರು, ಮೇಲ್ ಐಡಿ, ಅದರ ಮುಂದೆ ಪಾಸ್‌ವರ್ಡ್. ಹೆಚ್ಚಿನವು ಹೆಸರಿನ ಮುಂದೆ 123. ಸಿಇಟಿ ಅರ್ಜಿಗೋ ಪಾಸ್‌ಪೋರ್ಟಿಗೋ ಅಂಗಡಿಯವರೇ ಮಾಡಿಕೊಟ್ಟ ಐಡಿಗಳು. ಮುಂದಿನ ಸಲ ಜನ ಮರೆತು ಬರುತ್ತಾರೆ, ಅದಕ್ಕೇ ಬರೆದಿಡುವುದು. ಅವರ ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಆ ಪುಸ್ತಕ ಇರುವವರೆಗೆ ಸ್ವಿಟ್ಜರ್ಲೆಂಡಿನ ಬೀಗದಿಂದ ಏನು ಪ್ರಯೋಜನ?

ಇನ್ನೊಂದು ತೂತು ಮೊಬೈಲ್ ನಂಬರ್. ಭಟ್ಕಳದಿಂದ ಗಲ್ಫ್‌ಗೆ ಹೋದವರ ಊರಿನ ಸಿಮ್ ಮೂರು ತಿಂಗಳು ಬಳಸದೇ ಇದ್ದರೆ ಬಂದ್ ಆಗಬಹುದು. ಕೆಲ ಕಾಲದ ನಂತರ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ಪಾಸ್‌ವರ್ಡ್ ಮರೆತಾಗ ಮೇಲ್ ವಾಪಸ್ ಪಡೆಯುವ ವ್ಯವಸ್ಥೆ (ರಿಕವರಿ) ಅದಕ್ಕೇ ಜೋಡಿಸಿದ್ದರೆ ಒಟಿಪಿಯೂ ಅವರಿಗೇ.

ನನ್ನ ಅಭಿಪ್ರಾಯ ಕೇಳಿದರೆ: ಪತ್ರಕರ್ತರು, ವಕೀಲರು, ಯೋಜನೆಗಳ ವಿರುದ್ಧ ದಾಖಲೆ ಕಲೆಹಾಕುವ ಹೋರಾಟಗಾರರು ಪ್ರೋಟಾನ್ ಅಥವಾ ಟೂಟಾ ಕಡೆ ನೋಡಲಿ. ಜಾಹೀರಾತು ಬೇಡ ಎನ್ನುವವರಿಗೆ ಚೆನ್ನೈನ ಝೋಹೋ ಇದೆ, ಆದರೆ ಅಲ್ಲೂ ಕೀಲಿ ಕಂಪನಿಯದ್ದೇ. ಉಳಿದವರು ಸುಮ್ನೆ ಮೇಲ್ ಬದಲಾಯಿಸುವುದಕ್ಕಿಂತ ಮೊದಲು ಇರುವ ಜಿಮೇಲ್‌ನ ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆ ಕೇಳುವ ಎರಡು ಹಂತದ ಪರಿಶೀಲನೆ ಹಾಕಿ, ಫೋನ್ ಇಲ್ಲದಾಗ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಮನೆಯ ಕಪಾಟಿನಲ್ಲಿ ಇಡಲಿ.

ಬದಲಾಯಿಸುವವರು ಎರಡು ವಿಷಯ ನೋಡಿಕೊಳ್ಳಿ. ಟೂಟಾದಲ್ಲಿ ಪಾಸ್‌ವರ್ಡ್, ರಿಕವರಿ ಕೋಡ್ ಎರಡೂ ಕಳೆದರೆ ಖಾತೆ ಹೋಯಿತು, ಯಾರೂ ತೆರೆದುಕೊಡಲಾರರು. ಬಳಸದ ಉಚಿತ ಖಾತೆಯನ್ನು ಟೂಟಾ ಆರು ತಿಂಗಳಿಗೆ, ಪ್ರೋಟಾನ್ ಒಂದು ವರ್ಷಕ್ಕೆ ಅಳಿಸಬಹುದು. ಗೂಗಲ್ ಎರಡು ವರ್ಷ ಕಾಯುತ್ತದೆ. ವರ್ಷಕ್ಕೊಮ್ಮೆ ಅರ್ಜಿ ಹಾಕುವಾಗ ಮಾತ್ರ ಮೇಲ್ ತೆರೆಯುವ ಮನೆಗಳಿಗೆ ಈ ಲೆಕ್ಕವೇ ಜಾಸ್ತಿ ಮುಖ್ಯ.